ಕ್ಲೇಮ್ ಕಡಿತದ ಲೆಕ್ಕ ಮಾಲೀಕರ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ಅಪಘಾತಕ್ಕೀಡಾದ ಕಾರಿನ ರಿಪೇರಿ ಬಿಲ್ಲು ಒಂದಾದರೆ, ವಿಮಾ ಕಂಪನಿ ಮಂಜೂರು ಮಾಡುವ ಮೊತ್ತ ಇನ್ನೊಂದು. ಇವೆರಡರ ನಡುವಿನ ಅಂತರ ಹೇಗೆ ಬಂತು ಎಂಬುದು ಬಹುಪಾಲು ಮಾಲೀಕರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಹಲವು ವರ್ಷ ಗ್ಯಾರೇಜೊಂದರ ಬಾಡಿ ವಿಭಾಗದಲ್ಲಿ ಎಸ್ಟಿಮೇಟ್ ಬರೆದ ನಾನು, ಕಾರು ಬಿಡಿಸಿಕೊಳ್ಳಲು ಬಂದವರು ಕೌಂಟರಿನ ಮುಂದೆ ನಿಂತು ‘ಪೂರ್ತಿ ವಿಮೆ ಇದೆಯಲ್ಲ, ಮತ್ತೆ ನಾನೇಕೆ ಇಷ್ಟು ಕಟ್ಟಬೇಕು?’ ಎಂದು ಕೇಳುವುದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಸರಿಯಾದ ಉತ್ತರ ಕೊಡಲು ಎಷ್ಟೋ ಸಲ ನನ್ನಿಂದಲೂ ಆಗಿಲ್ಲ, ಏಕೆಂದರೆ ಕಂಪನಿಯಿಂದ ನಮಗೆ ಬರುತ್ತಿದ್ದ ಮಂಜೂರಾತಿ ಪತ್ರದಲ್ಲಿ ಒಟ್ಟು ಮೊತ್ತವೊಂದನ್ನು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಕಡಿತವೇ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಹಳೆಯ ಭಾಗ ತೆಗೆದು ಹೊಸದನ್ನು ಹಾಕಿದಾಗ ಸವಕಳಿ, ಅಂದರೆ ಬಳಕೆಯಿಂದ ಕುಗ್ಗಿದ ಬೆಲೆಯನ್ನು, ಕಳೆಯುವುದು, ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ನಿಗದಿತ ಮೊತ್ತವನ್ನು ಹಿಡಿದುಕೊಳ್ಳುವುದು, ಅಪಘಾತಕ್ಕೂ ಮೊದಲೇ ಇದ್ದ ಗೀರು ತಗ್ಗುಗಳನ್ನು ಲೆಕ್ಕದಿಂದ ಬಿಡುವುದು, ಇವೆಲ್ಲ ಸಾಮಾನ್ಯವಾಗಿ ಪಾಲಿಸಿಯಲ್ಲೇ ಬರೆದಿರುವ ಷರತ್ತುಗಳು. ಒಟ್ಟು ಬಿಲ್ಲನ್ನು 100 ಪಾಲು ಎಂದುಕೊಳ್ಳೋಣ. ಅದರಲ್ಲಿ ಕೂಲಿ 40 ಪಾಲು, ಲೋಹದ ಭಾಗಗಳು 20, ಪ್ಲಾಸ್ಟಿಕ್ ಭಾಗಗಳು 40. ಪ್ಲಾಸ್ಟಿಕ್‌ಗೆ ಶೇ 50ರಷ್ಟು ಸವಕಳಿ ಎಂದು ಪಾಲಿಸಿಯಲ್ಲಿದ್ದರೆ ಅಲ್ಲಿಯೇ 20 ಪಾಲು ಹೋಯಿತು. ಲೋಹದ ಸವಕಳಿ ಮತ್ತು ಮಾಲೀಕರ ನಿಗದಿತ ಮೊತ್ತ ಇನ್ನೂ ಬಾಕಿ ಇರುತ್ತವೆ. ಇಂದಿನ ಕಾರುಗಳ ಮುಂಭಾಗದಲ್ಲಿ ಬಂಪರ್, ಗ್ರಿಲ್, ಹೆಡ್‌ಲೈಟಿನ ಕವಚ ಎಲ್ಲವೂ ಪ್ಲಾಸ್ಟಿಕ್ಕೇ ಆದ್ದರಿಂದ, ಸವಕಳಿ ಮನ್ನಾದ ಹೆಚ್ಚುವರಿ ರಕ್ಷಣೆ ಇಲ್ಲದ ಪಾಲಿಸಿಯಲ್ಲಿ ಸಣ್ಣ ಡಿಕ್ಕಿಗೂ ಮಾಲೀಕರ ಕೈಯಿಂದ ದೊಡ್ಡ ಮೊತ್ತ ಹೋಗುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಜಗಳವಾಡಿದವರನ್ನು ನಾನು ಕಂಡಿಲ್ಲ. ಸಿಟ್ಟು ಬರುವುದು ಲೆಕ್ಕವೇ ಇಲ್ಲದೆ ಮೊತ್ತ ಮಾತ್ರ ಕೈಗೆ ಬಂದಾಗ.

ಒಂದು ಕಾರಿನ ವಿಷಯ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ನಿಧಾನವಾಗಿ ಹೋಗುತ್ತಿದ್ದಾಗ ಮುಂದಿನ ವಾಹನಕ್ಕೆ ತಾಗಿದ್ದ ಆ ಕಾರಿನಲ್ಲಿ ಹೊರಗೆ ಕಾಣುತ್ತಿದ್ದುದು ಬಂಪರಿನ ಮೇಲೆ ಗೇಣುದ್ದದ ಒಂದು ಬಿರುಕು ಮತ್ತು ಸ್ವಲ್ಪ ಓರೆಯಾಗಿದ್ದ ಹೆಡ್‌ಲೈಟ್ ಮಾತ್ರ. ವಿಮಾ ಕಂಪನಿಗಾಗಿ ಹಾನಿಯನ್ನು ಅಳೆಯುವ ಸರ್ವೇಯರ್ ಬಂದು, ಅಷ್ಟನ್ನೇ ನೋಡಿ, ಫೋಟೊ ತೆಗೆದುಕೊಂಡು ಹೋದರು. ಮರುದಿನ ಬಂಪರ್ ಬಿಚ್ಚಿದಾಗ ಅದರ ಹಿಂದಿನ ಕಬ್ಬಿಣದ ಅಡ್ಡಪಟ್ಟಿ ಒಳಕ್ಕೆ ಬಾಗಿ ರೇಡಿಯೇಟರಿನ ಮೈಗೆ ಒತ್ತಿಕೊಂಡಿತ್ತು. ತೆಳು ರೆಕ್ಕೆಗಳು ಮಡಚಿಹೋಗಿ, ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟ್ ತೊಟ್ಟಿಕ್ಕಿ ನೆಲದ ಮೇಲೆ ಅಂಗೈಯಗಲದ ಹಸಿರು ಕಲೆಯಾಗಿತ್ತು. ಪ್ಲಾಸ್ಟಿಕ್ ಬಂಪರ್ ಪೆಟ್ಟು ತಿಂದರೂ ಮತ್ತೆ ಮೊದಲಿನ ಆಕಾರಕ್ಕೆ ಬಂದುಬಿಡುತ್ತದೆ. ಒಳಗಿನ ಲೋಹ ಹಾಗೆ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಕೆಲಸ ನಿಲ್ಲಿಸಿ, ಎರಡನೆಯ ಎಸ್ಟಿಮೇಟ್ ಕಳುಹಿಸಿ, ಸರ್ವೇಯರನ್ನು ಮತ್ತೊಮ್ಮೆ ಕರೆಸಬೇಕು. ಆದರೆ ಕಾರು ಬೇಗ ಬೇಕೆಂದು ಅದರ ಒಡತಿಯಾಗಿದ್ದ ತಾಯಿ ಕೇಳಿಕೊಂಡಿದ್ದರಿಂದ ನಾವು ಕೆಲಸ ಮುಂದುವರಿಸಿದೆವು. ನಾನು ಎರಡನೆಯ ಎಸ್ಟಿಮೇಟ್ ಕಳುಹಿಸುವ ಹೊತ್ತಿಗೆ ಬಾಗಿದ ಪಟ್ಟಿ ಗುಜರಿಗೆ ಹೋಗಿಯಾಗಿತ್ತು. ಸರ್ವೇಯರ್ ನೋಡದ ಭಾಗಕ್ಕೆ ಕಂಪನಿ ಹಣ ಕೊಡಲಿಲ್ಲ, ಆ ಹಣವನ್ನು ಆ ತಾಯಿಯೇ ಕಟ್ಟಿದರು. ಆ ತಪ್ಪಿನಲ್ಲಿ ನನ್ನ ಪಾಲಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಮಂಜೂರಾತಿ ಪತ್ರದಲ್ಲಿ ‘ಅಡ್ಡಪಟ್ಟಿ ಮತ್ತು ರೇಡಿಯೇಟರ್: ಪರಿಶೀಲನೆಗೆ ಸಿಗಲಿಲ್ಲ’ ಎಂಬ ಒಂದೇ ಒಂದು ಸಾಲು ಇದ್ದಿದ್ದರೂ, ನಮ್ಮಲ್ಲಿದ್ದ ಫೋಟೊಗಳನ್ನು ಇಟ್ಟುಕೊಂಡು ಮನವಿ ಸಲ್ಲಿಸಲು ಅವರಿಗೆ ಸಾಧ್ಯವಾಗುತ್ತಿತ್ತು. ಕಡಿತ ಯಾವುದಕ್ಕೆ ಎಂದು ನಮಗೆ ಗೊತ್ತಾದದ್ದು ಅವರು ಸಹಿ ಹಾಕಿ, ಕಾರು ತೆಗೆದುಕೊಂಡು ಹೋದ ಎಷ್ಟೋ ದಿನಗಳ ಮೇಲೆ.

ಮಾಲೀಕರೂ ತಮ್ಮ ಕಡೆಯ ಕೆಲಸವನ್ನು ಸರಿಯಾಗಿ ಮಾಡಬೇಕು. ಗಾಯಾಳುಗಳ ಆರೈಕೆ ಮತ್ತು ಪೊಲೀಸರಿಗೆ ತಿಳಿಸುವುದು ಎಲ್ಲಕ್ಕಿಂತ ಮೊದಲು. ಅದಾದ ಮೇಲೆ, ಅಪಾಯವಿಲ್ಲದಿದ್ದರೆ, ವಾಹನ ಸರಿಸುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಬೇಕು. ಹಾನಿಯಾದ ಭಾಗ ಮತ್ತು ನಂಬರ್ ಪ್ಲೇಟ್ ಒಂದೇ ಫೋಟೊದಲ್ಲಿ ಇದ್ದರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ. ಕೆಳಗೆ ಕೂಲಂಟ್ ಅಥವಾ ಆಯಿಲ್ ಸೋರುತ್ತಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಗ್ಯಾರೇಜಿನವರೆಗೆ ತಾನೇ ಎಂದು ಓಡಿಸಿ ಎಂಜಿನ್ ಸೀಜ್ ಮಾಡಿಕೊಂಡರೆ, ಅದನ್ನು ಅಪಘಾತದ ಹಾನಿಯೆಂದು ಪರಿಗಣಿಸದೆ ನಂತರದ ಅಜಾಗರೂಕತೆಯೆಂದು ಕೈಬಿಡುವುದೇ ಹೆಚ್ಚು. ಕಂಪನಿಗೆ ಫೋನಿನಲ್ಲಿ ತಿಳಿಸಿದ್ದನ್ನು ಅಂದೇ ಇಮೇಲ್‌ನಲ್ಲೂ ತಿಳಿಸಿಡಬೇಕು.

ರಸ್ತೆಯಲ್ಲೇ ರಾಜಿ ಮಾಡಿಕೊಳ್ಳುವವರು ಗಮನಿಸಬೇಕಾದ ಮಾತೊಂದಿದೆ. ವಿಮೆ ಇರುವುದು ನಷ್ಟ ತುಂಬಿಕೊಡುವುದಕ್ಕೆ, ಅದರಿಂದ ಲಾಭವಾಗಬಾರದು ಎಂಬ ತತ್ವವನ್ನು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1883ರ ಕ್ಯಾಸ್ಟೆಲೇನ್ ಮತ್ತು ಪ್ರೆಸ್ಟನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮಾರಾಟದ ಒಪ್ಪಂದವಾಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ವಿಮೆಯ ಹಣವನ್ನೂ ಆಮೇಲೆ ಕೊಂಡವರಿಂದ ಪೂರ್ತಿ ಬೆಲೆಯನ್ನೂ ಪಡೆದಿದ್ದ ಮಾಲೀಕರು ವಿಮೆಯ ಹಣವನ್ನು ಹಿಂದಿರುಗಿಸಬೇಕಾಯಿತು. ಇದೇ ತತ್ವದಡಿ, ಪರಿಹಾರ ಕೊಟ್ಟ ಕಂಪನಿಗೆ ತಪ್ಪಿತಸ್ಥರಿಂದ ಅದನ್ನು ವಸೂಲು ಮಾಡುವ ಹಕ್ಕು ಬರುತ್ತದೆ. ಎದುರಿನ ಚಾಲಕನಿಂದ ಒಂದಿಷ್ಟು ಹಣ ಪಡೆದು ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಬರೆದುಕೊಟ್ಟವರು ಕಂಪನಿಯ ಆ ಹಕ್ಕನ್ನೇ ಕಳೆದಂತಾಗುತ್ತದೆ, ಆಮೇಲೆ ಅವರ ಕ್ಲೇಮೇ ತಿರಸ್ಕೃತವಾಗಬಹುದು.

ಹೀಗೆ ಮಾಲೀಕರ ಮೇಲೆ ಹೊಣೆಗಳು ಸಾಲಾಗಿವೆ. ಕ್ಲೇಮ್ ಅರ್ಜಿಯಲ್ಲಿ ಯಾರು ಓಡಿಸುತ್ತಿದ್ದರು, ಎಷ್ಟು ಗಂಟೆಗೆ, ಹಿಂದೆ ಯಾವ ಕ್ಲೇಮ್ ಪಡೆದಿದ್ದೀರಿ ಎಂದು ಕೇಳುವ ಪ್ರತಿ ಕಾಲಂಗೂ ಅವರು ಸತ್ಯವನ್ನೇ ಬರೆಯಬೇಕು, ಮತ್ತು ಅದು ನ್ಯಾಯವೇ. ವಿಮೆ ಪರಮ ನಂಬಿಕೆಯ ಒಪ್ಪಂದ ಎಂಬ ಮಾತನ್ನು ಕಂಪನಿಗಳು ಪದೇ ಪದೇ ನೆನಪಿಸುತ್ತವೆ. ಆ ಮಾತಿಗೆ ಆಧಾರವಾದದ್ದು 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ಕಾರ್ಟರ್ ಮತ್ತು ಬೋಹ್ಮ್ ಪ್ರಕರಣದ ತೀರ್ಪು. ತನಗೆ ಮಾತ್ರ ಗೊತ್ತಿರುವುದನ್ನು ಮುಚ್ಚಿಟ್ಟು ವ್ಯವಹಾರ ಕುದುರಿಸಬಾರದೆಂಬ ನಿಯಮ ಎರಡೂ ಪಕ್ಷಗಳಿಗೆ ಅನ್ವಯಿಸುತ್ತದೆ ಎಂದು ಅದರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಗೆದ್ದದ್ದೂ ವಿಮೆ ಮಾಡಿಸಿದ್ದ ಕಾರ್ಟರ್ ಅವರೇ. ನಂಬಿಕೆ ಎರಡೂ ಕಡೆಯದು ಎಂದಾದ ಮೇಲೆ, ಸರ್ವೇಯರ್ ಬರೆದ ವರದಿ ಕಂಪನಿಯ ಕಡತದಲ್ಲಿ ಮಾತ್ರ ಉಳಿಯುವುದು ಯಾವ ನ್ಯಾಯ?

ಆದ್ದರಿಂದ ವಿಮಾ ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮಂಜೂರಾತಿ ಪತ್ರದ ಜೊತೆಯಲ್ಲೇ, ಮಾಲೀಕರು ಕೇಳುವವರೆಗೆ ಕಾಯದೆ, ಸರ್ವೇಯರ್ ವರದಿಯ ಪ್ರತಿಯನ್ನು ಕಳುಹಿಸಿರಿ. ಪ್ರತಿ ಭಾಗದ ಎದುರು ಕೇಳಿದ ಮೊತ್ತ, ಒಪ್ಪಿದ ಮೊತ್ತ, ಸವಕಳಿಯ ದರ ಮತ್ತು ಕಡಿತಕ್ಕೆ ಆಧಾರವಾದ ಷರತ್ತಿನ ಸಂಖ್ಯೆಯನ್ನು ನಮೂದಿಸಿರಿ. ಮೊತ್ತ ತಲುಪಬೇಕಾದರೆ ಲೆಕ್ಕ ಮಾಡಿಯೇ ಇರುತ್ತೀರಿ, ಅದನ್ನೇ ತೋರಿಸಲು ಹೆಚ್ಚಿನ ಶ್ರಮವೇನೂ ಇಲ್ಲ. ಮಾಲೀಕರಾದವರು ಆ ಹಾಳೆ ಕೈಗೆ ಬರುವವರೆಗೆ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದಿರುವ ವೋಚರಿಗೆ ಸಹಿ ಹಾಕಬೇಡಿ. ಕಾರು ಬಿಡಿಸಿಕೊಳ್ಳುವುದು ತೀರಾ ತುರ್ತಾದರೆ, ಸಹಿಯ ಮೇಲೆ ‘ಕಡಿತಕ್ಕೆ ನನ್ನ ಆಕ್ಷೇಪಣೆ ಇದೆ’ ಎಂದು ಕೈಯಾರೆ ಬರೆದು, ಆ ಪುಟದ ಫೋಟೊ ಇಟ್ಟುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಗ್ಯಾರೇಜಿನಲ್ಲಿ ಎಸ್ಟಿಮೇಟ್ ಬರೆಯುತ್ತಿದ್ದ ಒಬ್ಬ ಓದುಗ