ವಾರದ ಫೋಟೋ ಪ್ರಿಂಟ್ ಇನ್ನು ಪುಕ್ಕಟೆ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ್ರೀ,

ಸುತ್ತಿ ಬಳಸಿ ಹೇಳೋದು ಬೇಡ. ನೀವು ವಾರ ವಾರ ಕಳಿಸುವ ಫೋಟೋಗಳನ್ನು ನಮ್ಮ ಫೋಟೋ ಲ್ಯಾಬಿನಲ್ಲಿ ಪುಕ್ಕಟೆ ಪ್ರಿಂಟ್ ಹಾಕಿ ಕೊಡುತ್ತಿದ್ದೆವಲ್ಲ, ಬರುವ ತಿಂಗಳ ಮೊದಲ ಭಾನುವಾರದಿಂದ ಆ ವಾರದ ಫೋಟೋದ ಪ್ರಿಂಟ್ ಪುಕ್ಕಟೆ ಇರುವುದಿಲ್ಲ. ಒಂದಕ್ಕೆ 20 ರೂಪಾಯಿ. ಸೈಜೂ ಬದಲಾಗುತ್ತದೆ. 8×12 ಇಂಚಿನದು ನಿಲ್ಲಿಸುತ್ತಿದ್ದೇವೆ. ಮೊಬೈಲಿನಲ್ಲಿ ತೆಗೆದದ್ದಕ್ಕೆ 6×8, ಕ್ಯಾಮೆರಾದಲ್ಲಿ ತೆಗೆದದ್ದಕ್ಕೆ 6×9. ಒಬ್ಬರಿಂದ ವಾರಕ್ಕೆ ಒಂದೇ ಫೋಟೋ, ಅದೂ ಶನಿವಾರ ರಾತ್ರಿ ಎಂಟರೊಳಗೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕುವುದಕ್ಕೆ, ನೋಡುವುದಕ್ಕೆ, ಹೊಗಳುವುದಕ್ಕೆ, ಜಗಳ ಆಡುವುದಕ್ಕೆ ಮೊದಲೂ ದುಡ್ಡಿರಲಿಲ್ಲ, ಮುಂದೆಯೂ ಇರುವುದಿಲ್ಲ.

ಈ ಮಾತು ನಾವು ಹೇಳುವ ಮೊದಲೇ ಊರಲ್ಲಿ ಓಡಾಡಿದೆ. ನಮ್ಮದು ಒಂದು ಮಾತು ಏಳು ಸಲ ಕೇಳಿಸುವ ಗೋಳಗುಮ್ಮಟದ ಊರು, ಅಲ್ವಾ? ಕೌಂಟರಿನಲ್ಲಿ ಯಾರೋ ಅರ್ಧ ಕೇಳಿಸಿಕೊಂಡು ಹೋದರು. ಗಾಂಧಿ ಚೌಕ ದಾಟುವಷ್ಟರಲ್ಲಿ "ಲ್ಯಾಬ್ ಮುಚ್ಚತಾರಂತ" ಆಯಿತು. ಸ್ಟೇಷನ್ ರೋಡ್ ಮುಟ್ಟುವಷ್ಟರಲ್ಲಿ "ಮಾರ್ಯಾರಂತ" ಆಯಿತು. ಮುಚ್ಚಿಲ್ಲ, ಮಾರಿಲ್ಲ. ಆದರೆ ಮೊದಲು ನಾವೇ ನಿಮಗೆ ಹೇಳಬೇಕಿತ್ತು. ಅದು ನಮ್ಮ ತಪ್ಪು. ಬೇಜಾರಾಗಿದ್ದರೆ ಕ್ಷಮಿಸಿ.

ನಿಮ್ಮ ಪ್ರಿಂಟುಗಳನ್ನು ತೂಗು ಹಾಕುವ ಹಸಿರು ಬೋರ್ಡಿನ ಕಥೆ ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಅರ್ಧ ಜನ ಅದಕ್ಕೆ ಮೊಳೆ ಹೊಡೆದವರೇ.

ಒಂದು ಗುಟ್ಟು ಮಾತ್ರ ಬಿಚ್ಚಿ ಹೇಳುತ್ತೇವೆ. ಮೊದಲು ಪುಕ್ಕಟೆ ಕೊಟ್ಟದ್ದು ಪೂರ್ತಿ ಧರ್ಮಕ್ಕೇನಲ್ಲ. ನಮ್ಮ ಮಷೀನು ಇಂಕಿನದಲ್ಲ, ಕೆಮಿಕಲ್‌ನದು. ಒಳಗೆ ಚಿತ್ರ ಮೂಡಿಸುವ ಡೆವಲಪರ್, ಅದನ್ನು ಕಾಯಂ ಮಾಡುವ ಬ್ಲೀಚ್-ಫಿಕ್ಸ್, ಆಮೇಲೆ ತೊಳೆಯುವ ತೊಟ್ಟಿಗಳು. ಹಾಳೆ ಓಡುತ್ತಿದ್ದರೆ ಹೊಸ ಕೆಮಿಕಲ್ ಸ್ವಲ್ಪ ಸ್ವಲ್ಪ ಸೇರುತ್ತಾ ಎಲ್ಲ ಹದದಲ್ಲಿ ಇರುತ್ತದೆ. ಕೆಲಸ ಇಲ್ಲದೆ ನಿಂತರೆ ಗಾಳಿ ತಾಗಿ ಡೆವಲಪರ್ ಕೆಡುತ್ತದೆ, ಬಣ್ಣ ಎತ್ತೆತ್ತಲೋ ಹೋಗುತ್ತದೆ. ಮದುವೆ ಸೀಸನ್ ಇಲ್ಲದ ವಾರಗಳಲ್ಲಿ ನಿಮ್ಮ ಇಪ್ಪತ್ತು, ಮೂವತ್ತು ಫೋಟೋ ಓಡಿಸಿದರೆ ನಮ್ಮ ಕೆಮಿಕಲ್ಲೂ ಉಳಿಯುತ್ತಿತ್ತು, ನಿಮಗೂ ಖುಷಿ. ಆಗ ಲೆಕ್ಕ ಸರಿ ಇತ್ತು.

ಈಗ ಬರುವುದು ಮೂವತ್ತಲ್ಲ. ಸಿದ್ಧೇಶ್ವರ ಜಾತ್ರೆಯ ವಾರ 140 ಬಂದವು. ಅದರಲ್ಲಿ ಒಬ್ಬರದೇ ಒಂಬತ್ತು. (ಅಣ್ಣಾ, ನೀವೇ. ಎಲ್ಲ ಚೆನ್ನಾಗಿದ್ದವು, ಅದೇ ತೊಂದರೆ.) 140 ಹಾಳೆ 8×12 ಓಡಿಸುವುದು ಕೆಮಿಕಲ್ ಉಳಿಸೋ ಮಾತಲ್ಲ, ಒಂದು ಮದುವೆ ಆಲ್ಬಮ್ಮಿನ ಕೆಲಸ.

ಇನ್ನು ಹಾಳೆಯ ಮಾತು. "ಕಾಗದಕ್ಕ ಎಷ್ಟ ರೊಕ್ಕ ಬೀಳತದರೀ?" ಅಂತ ಕೇಳುವವರಿಗೆ ಇದು. ಫೋಟೋ ಪೇಪರ್ ನೋಟ್‌ಬುಕ್ಕಿನ ಹಾಳೆ ಅಲ್ಲ. ಅದರ ಮೈಮೇಲೆ ಬೆಳ್ಳಿಯ ಉಪ್ಪು ಸವರಿರುತ್ತಾರೆ. ಬೆಳಕು ಹಿಡಿಯುವುದೇ ಅದು. ರೋಲ್ ಹೊರದೇಶದಿಂದ ಬರುತ್ತದೆ, ಡಾಲರ್ ಏರಿದಾಗೆಲ್ಲ ಅದೂ ಏರುತ್ತದೆ. 2025ರಲ್ಲಿ ಬೆಳ್ಳಿ ಕೆಜಿಗೆ ಒಂದು ಲಕ್ಷ ದಾಟಿ ಓಡಿದಾಗ ಸರಾಫರ ಅಂಗಡಿ ಮುಂದೆ ನಿಂತು ಎಲ್ಲರೂ ಮಾತಾಡಿದರು. ನಮ್ಮ ಅಂಗಡಿ ಮುಂದೆ ಯಾರೂ ಮಾತಾಡಲಿಲ್ಲ. ರೋಲ್ ತರಿಸುವಾಗ ಬಿಸಿ ತಟ್ಟಿದ್ದು ನಮಗೆ.

ಬೆಳ್ಳಿ ಅಂದ ಕೂಡಲೇ ಇನ್ನೊಂದು ಮಾತು ಬರುತ್ತದೆ, ಅದನ್ನೂ ಮುಗಿಸಿಬಿಡೋಣ. "ನಿಮ್ಮ ಕೆಮಿಕಲ್ ನೀರಾಗ ಬೆಳ್ಳಿ ಸಿಗತದಂತಲ್ಲ, ಮಾರಿ ಗಳಸ್ತೀರಿ." ಸಿಗುತ್ತದೆ, ಸುಳ್ಳಲ್ಲ. ಬಣ್ಣದ ಫೋಟೋದಲ್ಲಿ ಕೊನೆಗೆ ಉಳಿಯುವುದು ಬರೀ ಬಣ್ಣ, ಬೆಳ್ಳಿಯೆಲ್ಲ ಬ್ಲೀಚ್-ಫಿಕ್ಸ್‌ನಲ್ಲಿ ಕರಗಿ ಹೋಗುತ್ತದೆ. ಆ ನೀರನ್ನು ಕ್ಯಾನಿನಲ್ಲಿ ತುಂಬಿ ಇಡುತ್ತೇವೆ, ಒಯ್ಯುವವರು ಬರುತ್ತಾರೆ. ಅವರು ಕೊಡುವ ದುಡ್ಡಿನಲ್ಲಿ ನಮ್ಮ ಹುಡುಗರಿಗೆ ಒಂದು ಸಂಜೆ ಚಹಾ, ಮಿರ್ಚಿ ಭಜಿ ಆಗುತ್ತದೆ. ಬಂದು ನೋಡಿ, ನಿಮಗೂ ಒಂದು ಪ್ಲೇಟ್ ತರಿಸುತ್ತೇವೆ.

ಕರೆಂಟಿನದು ಬೇರೆ. ತೊಟ್ಟಿಯ ಕೆಮಿಕಲ್ ಸುಮಾರು 38 ಡಿಗ್ರಿಯಲ್ಲಿ ನಿಲ್ಲಬೇಕು. ಚಳಿಗಾಲದ ಬೆಳಿಗ್ಗೆ ಅದು ಕಾಯುವವರೆಗೆ ಒಂದೇ ಒಂದು ಹಾಳೆ ಓಡಿಸುವಂತಿಲ್ಲ. ಏಪ್ರಿಲ್, ಮೇದಲ್ಲಿ ಉಲ್ಟಾ. ಹೊರಗೆ ಬಿಸಿಲು 40 ದಾಟಿದಾಗ ನಾವೂ ಕೆಮಿಕಲ್ಲೂ ಒಂದೇ ಹದಕ್ಕೆ ಬಂದಿರುತ್ತೇವೆ. ಆಗ ಎಸಿ ನಮಗಲ್ಲ, ಮಷೀನಿಗೆ. ನಡುವೆ ಕರೆಂಟ್ ಹೋದರೆ ಒಳಗಿದ್ದ ಹಾಳೆ ಹೋದಂತೆಯೇ. ಹಾಗೆ ಕೆಟ್ಟ ಹಾಳೆಗಳ ಬಿಲ್ ಯಾರಿಗೂ ಹಾಕಿಲ್ಲ.

ಈಗ ಮುಖ್ಯ ದೂರಿಗೆ ಬರುತ್ತೇವೆ. ಎರಡು ವರ್ಷದಿಂದ ಇದನ್ನು ಕೇಳದ ವಾರ ಇಲ್ಲ. ಈಗ ದುಡ್ಡು ಬೇರೆ ತಗೊಳ್ಳುತ್ತೇವೆ ಅಂದಮೇಲೆ ಇನ್ನೂ ಜಾಸ್ತಿ ಕೇಳಬೇಕಾಗುತ್ತದೆ. "ಮೊಬೈಲ್‌ನಾಗ ಇದ್ದಂಗ ಪ್ರಿಂಟ್ ಬರಂಗಿಲ್ಲ. ಕಪ್ಪ ಬರತದ. ನಿಮ್ಮ ಮಷೀನ್ ಹಳೇದಾಗ್ಯದ."

ಮಷೀನ್ ಹಳೆಯದೇ, ಒಪ್ಪಿದೆವು. ಆದರೆ ದಿನಾ ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮೊದಲು ಓಡುವುದು ಟೆಸ್ಟ್ ಪಟ್ಟಿ. ಬೂದು ಬಣ್ಣ ಬೂದಾಗಿಯೇ ಬಂತಾ, ಕೆಂಪಿಗೆ ಹಸಿರಿಗೆ ವಾಲಿತಾ ಅಂತ ನೋಡಿ, ಸರಿ ಮಾಡಿ, ಆಮೇಲೆ ನಿಮ್ಮ ಫೋಟೋ. ಕಪ್ಪು ಬರುವುದಕ್ಕೆ ಕಾರಣ ಬೇರೆ ಇದೆ.

ಮೊಬೈಲಿನ ಪರದೆ ತಾನೇ ಬೆಳಕು ಕೊಡುತ್ತದೆ. ಹಾಳೆಗೆ ಸ್ವಂತ ಬೆಳಕಿಲ್ಲ, ತನ್ನ ಮೇಲೆ ಬಿದ್ದದ್ದನ್ನು ತಿರುಗಿ ಕೊಡುತ್ತದೆ ಅಷ್ಟೇ. ಬಿಸಿಲಲ್ಲಿ ನಿಂತು ಬ್ರೈಟ್‌ನೆಸ್ ಪೂರ್ತಿ ಏರಿಸಿ ಫೋಟೋ ನೋಡುತ್ತೀರಿ. ಅದರಲ್ಲೇ ಎಡಿಟ್ ಮಾಡುತ್ತೀರಿ. ಪರದೆ ಪ್ರಖರವಾಗಿ ಇರುವುದರಿಂದ ಫೋಟೋ ಕಪ್ಪಾಗಿದ್ದರೂ ಬೆಳ್ಳಗೆ ಕಾಣುತ್ತದೆ. ಅದೇ ಫೈಲ್ ಹಾಳೆಗೆ ಬಂದಾಗ ತನ್ನ ನಿಜ ಬಣ್ಣ ತೋರಿಸುತ್ತದೆ. ಮೇಲಿಂದ ಈಗಿನ ಫೋನುಗಳಲ್ಲಿ ಬಣ್ಣ ಎದ್ದು ಕಾಣುವ ಮೋಡ್ ಬೇರೆ. ಮಾವಿನೆಲೆಯ ಹಸಿರು ಗಿಳಿಯ ಹಸಿರಾಗಿ ಕಾಣುತ್ತದೆ. ಅಷ್ಟು ಹಸಿರು ಫೋಟೋ ಪೇಪರಿನ ಕೈಯಲ್ಲಿ ಆಗುವುದಿಲ್ಲ.

ಮೊನ್ನೆ ಬಾಗೇವಾಡಿಯಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವವರೇ. ಇಬ್ರಾಹಿಂ ರೋಜಾ ಸ್ಮಾರಕದ ಪ್ರಿಂಟನ್ನು ಕೌಂಟರ್ ಮೇಲೆ ಇಟ್ಟು, "ಇದೇನ್ರೀ, ಸಂಜಿ ಆದಂಗ ಮಾಡೀರಿ" ಅಂದರು. ನಾವು ವಾದ ಮಾಡಲಿಲ್ಲ. ಪ್ರಿಂಟನ್ನು ಟ್ಯೂಬ್‌ಲೈಟ್ ಕೆಳಗಿಂದ ಎತ್ತಿ ಬಾಗಿಲಿನ ಹತ್ತಿರ ಒಯ್ದೆವು. ಅವರ ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಪಕ್ಕದಲ್ಲಿ ಹಿಡಿದೆವು. ಅವರು ಎರಡನ್ನೂ ನೋಡಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. "ಈಗ ಎರಡೂ ಒಂದ ಅದಾವ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರ ನಾ ತೆಗೆದಿದ್ದ ಕಪ್ಪ ಐತೇನು?" ಅಂದರು. ಹೌದು ಸರ್. ಆದರೆ ಮಿನಾರುಗಳ ಮೇಲೆ ಬಿದ್ದ ಬೆಳಕು ಬಹಳ ಚಂದ ಹಿಡಿದಿದ್ದೀರಿ, ಅದನ್ನೂ ಅವತ್ತೇ ಹೇಳಿದ್ದೆವು.

"ಹಂಗಾದ್ರ ನೀವ ಬೆಳ್ಳಗ ಮಾಡಿ ಕೊಡ್ರಿ" ಅನ್ನುವವರೂ ಇದ್ದಾರೆ. ಮಾಡುತ್ತೇವೆ, ಬೇಕಾದಷ್ಟು ಸಲ ಮಾಡಿದ್ದೇವೆ. ಆದರೆ ಎಲ್ಲದಕ್ಕೂ ಆಗುವುದಿಲ್ಲ. ಒಬ್ಬರು ತಮ್ಮ ತಂದೆಯ ಫೋಟೋ ಕಳಿಸಿದ್ದರು. ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು, ಹೊಲದ ಬದುವಿನ ಮೇಲೆ ಕೂತಿದ್ದರು. ಮುಖ ಬೆಳ್ಳಗೆ ಮಾಡಿ ಅಂದರು. ಮಾಡಿದೆವು. ಮುಖವೇನೋ ಬಂತು, ಧೋತರದ ನೆರಿಗೆ ಒಂದೂ ಉಳಿಯಲಿಲ್ಲ. ಸುಣ್ಣ ಬಳಿದಂತೆ ಆಯಿತು. ಎರಡೂ ಪ್ರಿಂಟ್ ತೋರಿಸಿದಾಗ ಅವರೇ ಮೊದಲಿನದನ್ನು ತಗೊಂಡರು. ನೆರಿಗೆ ಬೇಕು ಅಂದರೆ ಮುಖ ಒಂಚೂರು ಕಪ್ಪಿರಲಿ ಅನ್ನುವುದು ನಮ್ಮ ಅಭಿಪ್ರಾಯ. ನಿಮ್ಮದು ಬೇರೆ ಇದ್ದರೆ ಬರೆದು ಕಳಿಸಿ, ಹಾಗೇ ಮಾಡುತ್ತೇವೆ.

ಇದರ ಹಿಂದೆಯೇ ಬರುವ ದೂರು: "ಫೋಟೋ ಒಡದಂಗ ಬಂದದ." ಇದಕ್ಕೆ ನಿಮ್ಮದೂ ಪಾಲಿದೆ. ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಸಣ್ಣದಾಗಿ ಬರುತ್ತದೆ, ಉದ್ದದ ಕಡೆ ಹೆಚ್ಚುಕಡಿಮೆ 1600 ಪಿಕ್ಸೆಲ್. ಅದನ್ನು 12 ಇಂಚಿಗೆ ಎಳೆದರೆ ಇಂಚಿಗೆ 133 ಬರುತ್ತದೆ. ಒಳ್ಳೆಯ ಪ್ರಿಂಟಿಗೆ 300 ಬೇಕು. ಆಲಮಟ್ಟಿ ಹಿನ್ನೀರಿನ ರಾಜಹಂಸಗಳನ್ನು ಬೆಳಗಿನ ಜಾವ ಎದ್ದು ಹೋಗಿ, ಕೆಸರಿನಲ್ಲಿ ಕೂತು, ದೊಡ್ಡ ಲೆನ್ಸಿನಲ್ಲಿ ತೆಗೆದು, ಕೊನೆಗೆ ಹೀಗೆ ಕಳಿಸಿದರೆ ರೆಕ್ಕೆ ಎಲ್ಲಿ, ನೀರು ಎಲ್ಲಿ ಗೊತ್ತಾಗುವುದಿಲ್ಲ. ದಯವಿಟ್ಟು ಡಾಕ್ಯುಮೆಂಟ್ ಅಂತ ಕಳಿಸಿ. ಆಗ ಫೈಲ್ ಇದ್ದ ಹಾಗೇ ಬರುತ್ತದೆ. ಗೊತ್ತಾಗದಿದ್ದರೆ ಅಂಗಡಿಗೆ ಬನ್ನಿ, ನಮ್ಮ ಹುಡುಗ ಒಂದು ನಿಮಿಷದಲ್ಲಿ ತೋರಿಸಿಕೊಡುತ್ತಾನೆ. ಮತ್ತೆ ಗುಮ್ಮಟದ ಒಳಗೆ ತೆಗೆಯುವವರು ಕೈ ಗೋಡೆಗೆ ಆನಿಸಿ ತೆಗೆಯಿರಿ. ಪರವಾನಗಿ ಇಲ್ಲದೆ ಕ್ಯಾಮೆರಾ ಸ್ಟ್ಯಾಂಡ್ ಒಳಗೆ ಬಿಡುವುದಿಲ್ಲ, ಕೈ ನಡುಗಿದ್ದನ್ನು ಮಷೀನ್ ಸರಿ ಮಾಡುವುದಿಲ್ಲ.

ನಮ್ಮದೇ ಪೂರ್ತಿ ತಪ್ಪಿರುವುದು ಒಂದಿದೆ. ಸೈಜ್ ಬದಲಿಸಲು ದುಡ್ಡಿಗಿಂತ ಜಾಸ್ತಿ ಅದೇ ಕಾರಣ.

ಇಂಡಿ ಊರಿನ ಒಬ್ಬ ತಂಗಿ ತನ್ನ ತಾಯಿಯ ಫೋಟೋ ಕಳಿಸಿದ್ದಳು. ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾರೆ. ಹಿಟ್ಟಿನ ಧೂಳು, ಕಿಟಕಿಯ ಬೆಳಕು, ಕೈಯಲ್ಲಿ ಹಸಿರು ಬಳೆ. ಆ ವಾರ ಬಂದವುಗಳಲ್ಲಿ ಅದೇ ಚೆಂದ ಅಂತ ನಾವೇ ಮಾತಾಡಿಕೊಂಡೆವು. ಪ್ರಿಂಟ್ ಹಾಕಿ ಬೋರ್ಡಿನ ನಡುವೆ ತೂಗು ಹಾಕಿದೆವು. ಆಕೆ ಬಂದು ನೋಡಿ ಏನೂ ಹೇಳದೆ ಹೋದಳು. ರಾತ್ರಿ ಫೋನ್ ಮಾಡಿ, "ಅಣ್ಣಾ, ನಾ ಫೋಟೋ ತೆಗೆದಿದ್ದ ಆ ಕೈ ಸಲುವಾಗಿ. ಬೆರಳೆಲ್ಲಿ ಹೋದವು?" ಅಂದಳು.

ಹೋಗಿ ನೋಡಿದರೆ ನಿಜ. ಮೊಬೈಲಿನ ಫೋಟೋ 4ಕ್ಕೆ 3ರ ಅಳತೆಯದು. 12 ಇಂಚು ಉದ್ದಕ್ಕೆ 9 ಇಂಚು ಅಗಲ ಬೇಕು. ನಮ್ಮ ಹಾಳೆ 8. ಮಷೀನ್ ಮೇಲೆ ಅರ್ಧ ಇಂಚು, ಕೆಳಗೆ ಅರ್ಧ ಇಂಚು ಕತ್ತರಿಸಿತ್ತು. ಕೆಳಗಿನ ಅರ್ಧ ಇಂಚಿನಲ್ಲಿ ಅವರ ಬೆರಳುಗಳಿದ್ದವು. ಕೆಲಸದ ಗಡಿಬಿಡಿಯಲ್ಲಿ ಯಾರೂ ಪರದೆ ನೋಡಿರಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದವರಿಗೆ ಇದು ಹೊಳೆಯದೇ ಹೋದದ್ದು ನಾಚಿಕೆಯ ವಿಷಯ. ತಂಗಿ, ನಿನಗೆ ಬೇರೆ ಪ್ರಿಂಟ್ ಕೊಟ್ಟೆವು, ಆದರೂ ಇಲ್ಲಿ ಎಲ್ಲರ ಮುಂದೆ ತಪ್ಪಾಯಿತು ಅನ್ನುತ್ತೇವೆ.

6×8 ಅಂದರೆ ಸರಿಯಾಗಿ ಮೊಬೈಲಿನ ಅಳತೆ. 6×9 ಹೆಚ್ಚಿನ ಕ್ಯಾಮೆರಾಗಳ ಅಳತೆ. ಏನೂ ಕತ್ತರಿಸಬೇಕಾಗುವುದಿಲ್ಲ. ಹಾಳೆಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ 20 ರೂಪಾಯಿಗೆ ಕೊಡಲು ಸಾಧ್ಯ. ಯಾರಿಗಾದರೂ 8×12 ಬೇಕೇ ಬೇಕು ಅಂದರೆ ಕೊಡುತ್ತೇವೆ, ಎಂದಿನ ಅಂಗಡಿ ರೇಟಿಗೆ. ಎಲ್ಲಿ ಕತ್ತರಿಸಬೇಕು ಅಂತ ಕೇಳಿಯೇ ಕತ್ತರಿಸುತ್ತೇವೆ.

ಶಾಲೆ, ಕಾಲೇಜಿನ ಮಕ್ಕಳಿಗೆ ತಿಂಗಳಿಗೆ ಒಂದು ಪ್ರಿಂಟ್ ಮೊದಲಿನಂತೆಯೇ, ದುಡ್ಡಿಲ್ಲ. ಗುರುತಿನ ಚೀಟಿ ತರಬೇಕಾಗಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ.

"ಬೋರ್ಡ್ ಮ್ಯಾಗ ಬರೀ ನಿಮ್ಮವರ ಫೋಟೋ ಇರತಾವ" ಅನ್ನುವ ಮಾತಿಗೆ ಉದ್ದ ಉತ್ತರ ಕೊಡುವುದಿಲ್ಲ. ಇನ್ನು ಮೇಲೆ ಪ್ರಿಂಟ್ ಹಾಕಿಸಿದ ಎಲ್ಲರದ್ದೂ ಒಂದು ವಾರ ಇರುತ್ತದೆ, ಬಂದ ಸರದಿಯಲ್ಲಿ. ಗೋಳಗುಮ್ಮಟ ಬೇಡ ಅಂತ ನಾವು ಯಾವತ್ತೂ ಹೇಳಿಲ್ಲ. ಒಂದೇ ಭಾನುವಾರ ಹನ್ನೊಂದು ಗುಮ್ಮಟ ಬಂದಾಗ ಸ್ವಲ್ಪ ನಕ್ಕೆವು, ಅಷ್ಟೇ. 1656ರಿಂದ ಅಲ್ಲೇ ನಿಂತಿದೆ, ಮುಂದಿನ ವಾರವೂ ಇರುತ್ತದೆ. ಒಂದು ವಾರ ಉಪ್ಪಲಿ ಬುರುಜು ಹತ್ತಿ ಊರು ತೆಗೆಯಿರಿ, ಅಥವಾ ನಿಮ್ಮ ಓಣಿಯ ಚಹಾದಂಗಡಿ ತೆಗೆಯಿರಿ. ಜಾತ್ರೆಯಲ್ಲಿ, ಸಂತೆಯಲ್ಲಿ ಜನರ ಮುಖ ತೆಗೆಯುವವರು ಅವರನ್ನು ಒಂದು ಮಾತು ಕೇಳಿ ಗುಂಪಿಗೆ ಹಾಕಿ. ಹಕ್ಕಿಗೂಡಿನ ಫೋಟೋ ಹಾಕಿದರೆ ಜಾಗದ ಹೆಸರು ಬರೆಯಬೇಡಿ, ಹಿಂದೆಯೇ ಹತ್ತು ಜನ ಅಲ್ಲಿಗೆ ಹೋಗುತ್ತಾರೆ.

ಬೋರ್ಡಿನಿಂದ ಇಳಿಸಿದ ಹಳೆಯ 8×12ಗಳು ಸುಮಾರು ಅರವತ್ತು ನಮ್ಮ ಹತ್ತಿರ ಉಳಿದಿವೆ. ಕವರಿನಲ್ಲಿ ಹಾಕಿ ಹೆಸರು ಬರೆದು ಇಟ್ಟಿದ್ದೇವೆ. ಈ ತಿಂಗಳ ಒಳಗೆ ಬಂದು ಒಯ್ಯಿರಿ, ದುಡ್ಡೇನೂ ಇಲ್ಲ. ಒಂದಕ್ಕೆ ಮಾತ್ರ ಹೆಸರಿಲ್ಲ. ಎಳ್ಳ ಅಮವಾಸ್ಯೆಯ ದಿನದ್ದು ಇರಬೇಕು. ಎತ್ತಿನ ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಒಬ್ಬ ಅಜ್ಜಿ ಕೂತಿದ್ದಾರೆ, ತೊಡೆಯ ಮೇಲೆ ಹೊಲಕ್ಕೆ ಚೆಲ್ಲುವ ಚರಗದ ಬುಟ್ಟಿ, ಮೇಲೆ ಬಿಳಿ ಅರಿವೆ ಮುಚ್ಚಿದೆ. ಹಿಂದೆ ಜೋಳ ತೆನೆ ಹಿಡಿದು ನಿಂತಿದೆ. ಕಳಿಸಿದವರ ನಂಬರ್ ನಮ್ಮ ಹಳೆಯ ಫೋನಿನ ಜೊತೆಗೇ ಹೋಯಿತು. ಈ ಅಜ್ಜಿ ಯಾರ ಮನೆಯವರು ಅಂತ ಗೊತ್ತಿದ್ದವರು ತಿಳಿಸಿ. ಅಲ್ಲಿಯವರೆಗೆ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಹಾಕಿರುತ್ತೇವೆ.

ನಿಮ್ಮ,
ಲ್ಯಾಬಿನವರು
ವಿಜಯಪುರ