ವಿದ್ಯುತ್ ಜಾಲಕ್ಕೂ ಸ್ವಂತ ತರಂಗಾಂತರ ಕೊಡಿ

ಮಾನ್ಯ ಸಂಪಾದಕರೇ,

ಆಟಿ ತಿಂಗಳ ಗಾಳಿಮಳೆಗೆ ನಮ್ಮ ಪೆರ್ಲ ಕಡೆ ಕರೆಂಟು ಹೋದರೆ, ಸ್ವಲ್ಪ ಹೊತ್ತು ಮೊಬೈಲಿಗೆ ರೇಂಜ್ ಇರುತ್ತದೆ. ಆಮೇಲೆ ಟವರ್‌ನ ಬ್ಯಾಟರಿಯೂ ಖಾಲಿ. ತಂತಿ ಮೇಲೆ ಮಡಲು ಬಿದ್ದಿದೆ, ಕಂಬ ವಾಲಿದೆ ಎಂದು ತಿಳಿಸೋಣ ಅಂದರೆ ಫೋನೇ ಹೋಗುವುದಿಲ್ಲ. ಕಳೆದ ವರ್ಷ ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಮರ ಬಿದ್ದು ತಂತಿ ಕಡಿದಿತ್ತು. ಲೈನ್‌ಮನ್‌ಗಳು ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆದರು. ರಿಪೇರಿಗಿಂತ ಹುಡುಕಾಟಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಪಾಪ, ಅವರ ತಪ್ಪೇನೂ ಇಲ್ಲ.

ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್, ಅಂದರೆ ಕರೆಂಟಿನ ಲೆಕ್ಕವನ್ನು ತಾನೇ ಕಚೇರಿಗೆ ಕಳಿಸುವ ಮೀಟರ್, ಹಾಕುವ ಯೋಜನೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಚರ್ಚೆಯೆಲ್ಲ ಬಿಲ್ಲಿನದ್ದು, ರೀಚಾರ್ಜಿನದ್ದು. ಆದರೆ ಕರೆಂಟು ಹೋದ ಕ್ಷಣದಲ್ಲಿ, ಒಳಗೆ ಉಳಿದ ಚೂರು ಶಕ್ತಿಯಲ್ಲೇ ಕೊನೆಯ ಸಂದೇಶ ಕಳಿಸುವ ಮೀಟರ್‌ಗಳಿವೆ. ಯಾವ ಮನೆಯವರೆಗೆ ಕರೆಂಟಿದೆ, ಎಲ್ಲಿಂದ ಇಲ್ಲ ಎಂದು ಗೊತ್ತಾದರೆ ತಂತಿ ಕಡಿದ ಜಾಗ ಕಚೇರಿಯಲ್ಲೇ ಅಂದಾಜಾಗುತ್ತದೆ. ನಮ್ಮಂಥ ಗುಡ್ಡದ ಊರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಆ ಸಂದೇಶ ಹೋಗುವ ದಾರಿ ಯಾವುದು? ಮೊಬೈಲ್ ಸಿಮ್ ಆದರೆ ಮತ್ತೆ ಅದೇ ಟವರ್. ಇನ್ನೊಂದು ದಾರಿ 865ರಿಂದ 868 ಮೆಗಾಹರ್ಟ್ಸ್ ನಡುವಿನ ರೇಡಿಯೋ ತರಂಗಾಂತರ. ಅದಕ್ಕೆ ಲೈಸೆನ್ಸ್ ಬೇಡ, ಹಾಗಾಗಿ ಯಾರು ಬೇಕಾದರೂ ಬಳಸಬಹುದು. ಬೇರೆ ಉಪಕರಣ ಅಡ್ಡ ಬಂದರೆ ದೂರು ಹೇಳಲು ಜಾಗವಿಲ್ಲ.

ರೈಲ್ವೆಗೆ ಸಿಗ್ನಲ್ ಮತ್ತು ಸಂವಹನಕ್ಕಾಗಿ 2021ರ ಜೂನ್‌ನಲ್ಲಿ ಕೇಂದ್ರ ಸಂಪುಟವು 700 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ (ತರಂಗಾಂತರದ ಪಟ್ಟಿಯಲ್ಲಿ) 5 ಮೆಗಾಹರ್ಟ್ಸ್ ಪಾಲು ಕೊಟ್ಟಿತು. ರೈಲಿಗೆ ಬೇಕಾದರೆ ಕರೆಂಟಿಗೂ ಬೇಕು ಅಲ್ವಾ? ಜರ್ಮನಿ ಅದೇ ವರ್ಷ 450 ಮೆಗಾಹರ್ಟ್ಸ್ ಬ್ಯಾಂಡನ್ನು ವಿದ್ಯುತ್ತಿನಂಥ ಅಗತ್ಯ ಸೇವೆಗಳಿಗೆ ಹಂಚಿಕೊಟ್ಟಿತು. ಇಂಥ ಕೆಳಗಿನ ಬ್ಯಾಂಡಿನ ಅಲೆಗಳು ಮರ, ಗೋಡೆ, ಗುಡ್ಡದ ನಡುವೆಯೂ ದೂರ ಹೋಗುತ್ತವೆ. ಟವರ್ ಕಡಿಮೆ ಸಾಕು. ಕಡಿಮೆ ಇದ್ದರೆ ಪ್ರತಿಯೊಂದಕ್ಕೂ ದಿನಗಟ್ಟಲೆ ಬಾಳುವ ಬ್ಯಾಟರಿ ಇಡಬಹುದು.

ನಮ್ಮ ಪೈವಳಿಕೆ ಭಾಗದಲ್ಲೇ 50 ಮೆಗಾವಾಟ್ ಸೋಲಾರ್ ಸ್ಥಾವರವಿದೆ. ಮನೆಗಳ ಮಾಡಿನ ಮೇಲೂ ಪ್ಯಾನೆಲ್ ಬಂದಿವೆ. ಒಂದು ಮೋಡ ಹಾದುಹೋದರೂ ಉತ್ಪಾದನೆ ಇಳಿಯುತ್ತದೆ, ಆ ಸುದ್ದಿ ಜಾಲಕ್ಕೆ ತಕ್ಷಣ ತಲುಪಬೇಕು.

ವಿದ್ಯುತ್ ವಿತರಣೆಯವರು ತರಂಗಾಂತರದ ಹರಾಜಿನಲ್ಲಿ ಮೊಬೈಲ್ ಕಂಪನಿಗಳ ಜತೆ ಪೈಪೋಟಿ ಮಾಡಲು ಆಗುವುದಿಲ್ಲ. ಹರಾಜಿಲ್ಲದೆ ಒಂದು ಸಣ್ಣ ಪಾಲು ತೆಗೆದಿಡಿ ಎಂದು ನಮ್ಮ ಸಂಸದರು ದೆಹಲಿಯಲ್ಲಿ ಕೇಳಬೇಕು, ಅದೂ ಬೇಗ. ಮೀಟರ್ ಗೋಡೆಗೆ ಬಂದ ಮೇಲೆ ಒಳಗಿನ ರೇಡಿಯೋ ಬದಲಿಸಬೇಕಾದರೆ ಮನೆಮನೆಗೆ ಹೋಗಿ ಬಿಚ್ಚಬೇಕಾಗುತ್ತದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ಪೆರ್ಲ, ಕಾಸರಗೋಡು