ಶಹಾಬಾದ್ ಕಲ್ಲು ಕೊಯ್ಯೋರ ಗಮನಕ್ಕ

ಕಲಬುರಗಿ ಸೈಟಿನ ಎಲ್ಲಾ ಫಿಟ್ಟರ್‌ಗಳಿಗೂ: 4 ಇಂಚಿನ ಗ್ರೈಂಡರಿಗೆ 5 ಇಂಚಿನ ಬ್ಲೇಡ್ ಕೂಡಸ್ಲಿಕ್ಕೆ ಗಾರ್ಡ್ (ಬ್ಲೇಡಿನ ಮ್ಯಾಲಿನ ಕವರ್) ಬಿಚ್ಚಬ್ಯಾಡ್ರಿ. ಈ ಸಣ್ಣ ಮಷೀನ್ ನಿಮಿಷಕ್ಕ ಸುಮಾರು 11,000 ಸುತ್ತು ತಿರಗ್ತದ. ಬ್ಲೇಡಿನ ಮ್ಯಾಲ ಬರದ ಆರ್‌ಪಿಎಂ (ನಿಮಿಷಕ್ಕ ತಿರಗೋ ಸುತ್ತಿನ ಮಿತಿ) ಅದಕ್ಕಿಂತ ಕಡಿಮಿ ಇದ್ದರ ಒಡದು ಚೂರು ಮಾರಿಗೇ ಬರ್ತದ. ಕಟ್ಟಿಗಿ ಕೊಯ್ಯೋ ಹಲ್ಲಿನ ಬ್ಲೇಡಂತೂ ಬ್ಯಾಡೇ ಬ್ಯಾಡ, ಕಲ್ಲಿಗೆ ಡೈಮಂಡ್ ಬ್ಲೇಡೇ.

ಒಮ್ಮೆಲೇ ಒತ್ತಬ್ಯಾಡ್ರಿ. ಮೊದಲ 4-5 ಮಿಲಿಮೀಟರ್ ಗೀರು, ಆಮ್ಯಾಲ ಆಳ. ಗೀರಿನ್ಯಾಗ ಬ್ಲೇಡ್ ಓರಿ ಆದ್ರ ಸಿಕ್ಕೊಂಡು ಮಷೀನ್ ನಿಮ್ಮ ಕಡೀನೇ ಜಿಗೀತದ. ಸೈಡ್ ಹ್ಯಾಂಡಲ್ ಚೀಲದಾಗ ಇಟ್ಟರ ಏನ್ ಉಪಯೋಗ? ಹಚ್ಚಿ ಎರಡೂ ಕೈಲೆ ಹಿಡೀರಿ. ಕೊರಳಾಗಿನ ಟವೆಲ್ ತಗದಿಡ್ರಿ.

ಧೂಳು ಅಂತ ಸಾದಾ ಗ್ರೈಂಡರಿಗೆ ನೀರು ಸುರೀಬ್ಯಾಡ್ರಿ, ಕರೆಂಟ್ ಹೊಡೀತದ. ಕನ್ನಡಕ, ಎನ್95 ಮಾಸ್ಕ್ ಹಾಕ್ರಿ. ಬ್ಲೇಡ್ ಬದಲಿಸೋ ಮುಂದ ಸ್ವಿಚ್ ಅಲ್ಲ, ಪ್ಲಗ್ಗೇ ಕೀಳ್ರಿ.